ಗಂಟುನೋವಿಗೆ ಡಿಎನ್‌ಎ ಟೆಸ್ಟ್ ಕಿಟ್: ತಗೊಳ್ಳುವ ಮೊದ್ಲು ಇದನ್ನೊಮ್ಮೆ ಓದಿ (ಐದರಲ್ಲಿ ಎರಡು ಸ್ಟಾರ್)

ಕೊರಿಯರಲ್ಲಿ ಮನೆಗೇ ಬರುವ ಡಿಎನ್‌ಎ ಟೆಸ್ಟ್ ಕಿಟ್ ತಗೊಳ್ಬಹುದಾ ಅಂತ ನಮ್ಮ ಕಡೆ ಈಗ ತುಂಬಾ ಜನ ಕೇಳ್ತಾರೆ, ಅದ್ರಲ್ಲೂ ಮನೆಯಲ್ಲಿ ಯಾರಿಗಾದ್ರೂ ರುಮಟಾಯ್ಡ್ ಆರ್ಥ್ರೈಟಿಸ್ (ಮೈಯ ಇಮ್ಯೂನಿಟಿಯೇ ಗಂಟುಗಳ ಮೇಲೆ ಬೀಳುವ ಕಾಯಿಲೆ) ಇದ್ದು, ನಾಳೆ ನಂಗೂ ಬರ್ತದೋ ಎಂತದೋ ಅಂತ ಹೆದರಿ ಕೂತವರು. ನಾನು ಅಂಥ ಒಂದು ಕಿಟ್ ಬಳಸಿದ್ದೇನೆ, ರಿಪೋರ್ಟ್ ಮೊದ್ಲಿಂದ ಕೊನೆವರೆಗೆ ಓದಿದ್ದೇನೆ, ಅವರ ಕೌನ್ಸೆಲರ್ ಹತ್ರ ಮಾತಾಡಿದ್ದೇನೆ, ಮಂಗಳೂರಲ್ಲಿ ಅಮ್ಮನನ್ನು ನೋಡುವ ಡಾಕ್ಟ್ರಿಗೂ ತೋರಿಸಿದ್ದೇನೆ. ಕಂಪೆನಿ ಹೆಸರು ಹಾಕುವುದಿಲ್ಲ. ನಂಗೆ ಹೇಳ್ಲಿಕ್ಕಿರುವುದು ಟೆಸ್ಟ್ ಎಂಥದ್ದು ಅಂತ, ಅವರ ಮೇಲೆ ಹಗೆ ಏನಿಲ್ಲ.

ಟೆಸ್ಟ್ ಸುಳ್ಳು ಅಲ್ಲ, ಅದನ್ನು ಮೊದ್ಲೇ ಹೇಳ್ತೇನೆ. ಲ್ಯಾಬಲ್ಲಿ ನೋಡ್ತೇವೆ ಅಂದದ್ದನ್ನು ನೋಡಿದ್ದಾರೆ. ಆದ್ರೆ ಜಾಹೀರಾತಲ್ಲಿ ದೊಡ್ಡ ಅಕ್ಷರದಲ್ಲಿ ಒಂದು ಮಾತು ಹಾಕಿದ್ದಾರಲ್ಲ, ನಿಮ್ಮ ಇಮ್ಯೂನ್ ಸೆಲ್‌ಗಳ ಮ್ಯುಟೇಶನ್ ತಿಳ್ಕೊಳ್ಳಿ ಗಂಟುನೋವು ತಡೀರಿ ಅಂತ (ಮ್ಯುಟೇಶನ್ ಅಂದ್ರೆ ಡಿಎನ್‌ಎಯಲ್ಲಿ ಆಗುವ ಬದಲಾವಣೆ), ಆ ಕೆಲಸ ಈ ಟೆಸ್ಟಿಂದ ಆಗುವುದೇ ಇಲ್ಲ. ಎರಡು ಸ್ಟಾರ್ ಯಾಕೆ ಅಂದ್ರೆ ಅದಕ್ಕೇ. ಆ ಒಂದು ವಾಕ್ಯದಿಂದ ನಮ್ಮ ಮನೆಯಲ್ಲಿ ಅಮ್ಮ ಪಟ್ಟ ಸಂಕಟ ನೋಡಿ ಆದ ಮೇಲೆ ಸುಮ್ನೆ ಇರ್ಲಿಕ್ಕೆ ನನ್ನಿಂದ ಆಗ್ಲಿಲ್ಲ.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ, ಅಡಿಕೆ ತೋಟ. ಅಮ್ಮನಿಗೆ ಶುರುವಾದದ್ದು ಬೆರಳಿನ ಬುಡದ ಗಂಟುಗಳಲ್ಲಿ, ಎರಡೂ ಕೈಗೆ ಒಟ್ಟಿಗೇ. ಬೆಳಿಗ್ಗೆ ಎದ್ದ್ರೆ ಮುಷ್ಟಿ ಮುಚ್ಲಿಕ್ಕೆ ಆಗುವುದಿಲ್ಲ, ಬಿಸಿನೀರಲ್ಲಿ ಕೈ ಇಟ್ಕೊಂಡು ಒಂದು ಗಂಟೆ ಮೇಲೆ ಆದ ನಂತರವೇ ಬೆರಳು ಸ್ವಲ್ಪ ಸಡಿಲ ಆಗುವುದು. ಮೆಟ್ಟುಕತ್ತಿ ಮುಂದೆ ಕೂತ್ರೆ ಅಡಿಕೆ ಸುಲಿಯುವುದ್ರಲ್ಲಿ ಅಮ್ಮನನ್ನು ಮೀರಿಸುವವರು ನಮ್ಮ ಬೈಲಲ್ಲೇ ಇರ್ಲಿಲ್ಲ, ಅಂಥವರು ಒಂದು ದಿನ ಕೈಯಿಂದ ಅಡಿಕೆ ಜಾರಿ ಜಾರಿ ಬೀಳುವುದನ್ನು ನೋಡ್ಕೊಂಡು ಸುಮ್ನೆ ಕೂತಿದ್ರು, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿತವೇ ಸಿಗ್ತಾ ಇರ್ಲಿಲ್ಲ. ಊರವರದ್ದು ಒಂದೇ ಮಾತು, ಇದು ಚಿಕುನ್‌ಗುನ್ಯಾದ್ದು ಅಂತ. ಚಿಕುನ್‌ಗುನ್ಯಾ ಊರಿಡೀ ಬಂದು ಹೋದ ಆ ವರ್ಷಗಳ ನಂತರ ಇಲ್ಲಿ ಯಾರಿಗೆ ಗಂಟುನೋವು ಬಂದ್ರೂ ಅದರ ತಲೆಗೇ ಕಟ್ಟುವುದು. ಅದರಲ್ಲಿ ಸ್ವಲ್ಪ ಸತ್ಯವೂ ಉಂಟು ಅನ್ನಿ, ಆ ಜ್ವರದ ನಂತರ ತಿಂಗಳುಗಟ್ಲೆ ಗಂಟುನೋವು ಉಳಿಯುವುದು ಉಂಟು. ಆದ್ರೆ ಅಮ್ಮನ ರಕ್ತದಲ್ಲಿ ಆ್ಯಂಟಿ ಸಿಸಿಪಿ ಪಾಸಿಟಿವ್ ಬಂತು, ಆರ್‌ಎ ಫ್ಯಾಕ್ಟರೂ ಜಾಸ್ತಿ, ಎರಡೂ ರುಮಟಾಯ್ಡಲ್ಲಿ ಹೆಚ್ಚಾಗಿ ಕಾಣುವ ಆ್ಯಂಟಿಬಾಡಿಗಳು, ಅಲ್ಲಿಗೆ ಡಾಕ್ಟ್ರು ರುಮಟಾಯ್ಡ್ ಅಂತ ಹೇಳಿದ್ರು.

ಕಿಟ್ ಕಳಿಸಿದ್ದು ದುಬೈಯಲ್ಲಿರುವ ತಮ್ಮ. ಅಕ್ಕಾ ನಿಂಗೂ ನಲ್ವತ್ತು ಹತ್ರ ಆಯ್ತು, ಅಮ್ಮನದ್ದು ನಿಂಗೆ ಬರ್ತದಾ ಅಂತ ಮೊದ್ಲೇ ಗೊತ್ತಾದ್ರೆ ಒಳ್ಳೇದಲ್ವಾ ಅಂತ ಅವನೇ ಆರ್ಡರ್ ಮಾಡಿದ್ದು. ಪ್ರೀತಿಯಿಂದ ಕಳಿಸಿದ್ದು, ಅವನನ್ನು ಏನೂ ಹೇಳುವ ಹಾಗಿಲ್ಲ.

ಬಾಕ್ಸ್ ಚೆಂದ ಉಂಟು. ಒಳಗೆ ಗೆರೆ ಹಾಕಿದ ಒಂದು ಸಣ್ಣ ಟ್ಯೂಬ್, ಮುಚ್ಚಳದಲ್ಲಿ ಏನೋ ದ್ರವ ತುಂಬಿದ್ದಾರೆ, ಸ್ಯಾಂಪಲ್ ಹಾಳಾಗದ ಹಾಗೆ ಇಡ್ಲಿಕ್ಕೆ. ಅರ್ಧ ಗಂಟೆ ಮೊದ್ಲಿಂದ ತಿನ್ಬಾರ್ದು ಕುಡೀಬಾರ್ದು, ಆಮೇಲೆ ಗೆರೆ ಮುಟ್ಟುವವರೆಗೆ ಎಂಜಲು ತುಂಬಿಸ್ಬೇಕು, ನೊರೆ ಲೆಕ್ಕಕ್ಕಿಲ್ಲ, ನೊರೆ ಬಿಟ್ಟು ಕೆಳಗಿನ ನೀರು ಗೆರೆಗೆ ಬರ್ಬೇಕು. ಮುಚ್ಚಳ ತಿರುಗಿಸಿದಾಗ ಆ ದ್ರವ ಇಳಿದು ಸೇರ್ತದೆ, ಅಲ್ಲಾಡಿಸಿ ಕವರಿಗೆ ಹಾಕಿ ಆಯ್ತು. ವಯಸ್ಸಾದವರಿಗೆ ಬಾಯಿ ಒಣಗ್ತದಲ್ಲ, ಅಷ್ಟು ಎಂಜಲು ಬರುವುದು ಕಷ್ಟ. ಅದೂ ಅಲ್ದೆ ರುಮಟಾಯ್ಡ್ ಇರುವವರಲ್ಲಿ ಕೆಲವರಿಗೆ ಷೋಗ್ರೆನ್ ಅಂತ ಇನ್ನೊಂದು ಇರ್ತದೆ, ಬಾಯಿ ಕಣ್ಣು ಒಣಗುವುದೇ ಅದರ ಲಕ್ಷಣ. ಇದೇ ಕಾಯಿಲೆಯ ಹೆಸರಲ್ಲಿ ಮಾರುವ ಕಿಟ್ಟಲ್ಲಿ ಅದಕ್ಕೊಂದು ಉಪಾಯ ಕೊಟ್ಟಿಲ್ಲ ಅಂದ್ರೆ ಅದು ಕಡಿಮೆಯೇ.

ಸ್ಯಾಂಪಲ್ ತಗೊಂಡು ಹೋಗ್ಲಿಕ್ಕೆ ಕೊರಿಯರಿನವ ಬರ್ತಾನೆ ಅಂತ ಹೇಳಿದ್ರು, ನಮ್ಮ ಪಿನ್‌ಕೋಡಿಗೆ ಪಿಕಪ್ ಇಲ್ಲ ಅಂತ ಆಮೇಲೆ ಮೆಸೇಜ್ ಬಂತು, ಕೊನೆಗೆ ನಾನೇ ಕಾಸರಗೋಡು ಪೇಟೆಗೆ ಹೋಗಿ ಕೊಟ್ಟು ಬಂದೆ. ಇದು ನಮ್ಮ ಗಡಿ ಊರಿನವರಿಗೆ ಎಲ್ಲದ್ರಲ್ಲೂ ಆಗುವ ಕಥೆ. ಆ್ಯಪಲ್ಲಿ ಕನ್ನಡ ಉಂಟು, ಆದ್ರೆ ಪಿನ್ ಕೇರಳದ್ದು ಅಂತ ನೋಡಿದ ಕೂಡ್ಲೆ ಮಲಯಾಳಕ್ಕೆ ಹೋಗ್ತದೆ, ಫೋನಲ್ಲೂ ಹಾಗೇ. ನಂಗೆ ಮಲಯಾಳ ಬರ್ತದೆ ಸರಿ, ಕಾಯಿಲೆ ವಿಷ್ಯ ಅಮ್ಮನಿಗೆ ಅವರ ಭಾಷೆಯಲ್ಲಿ ಕೇಳ್ಲಿಕ್ಕೆ ಸಿಗ್ಬೇಕಲ್ಲ. ಬೇಕಾದ ಭಾಷೆ ನಾವೇ ಆರಿಸುವ ಹಾಗೆ ಮಾಡಿದ್ರೆ ಸಾಕಿತ್ತು.

ಇನ್ನು ರಿಪೋರ್ಟ್. ಪುಟ ತುಂಬಾ ಉಂಟು, ಬಣ್ಣ ಬಣ್ಣ. ರುಮಟಾಯ್ಡ್ ಆರ್ಥ್ರೈಟಿಸ್ ಅಂತ ಇರುವ ಕಡೆ ಕೆಂಪು ಬಾರ್, ಪಕ್ಕದಲ್ಲಿ 'ಹೆಚ್ಚಿನ ಅಪಾಯ'. ಕೆಳಗೆ ಸಣ್ಣ ಅಕ್ಷರದಲ್ಲಿ, ಇದು ಅನುವಂಶಿಕ, ತಂದೆ ತಾಯಿಯಿಂದ ಬಂದದ್ದು ಅಂತ ಒಂದು ಸಾಲು. ನಾನು ಅದನ್ನು ಮೇಜಿನ ಮೇಲೆ ಲ್ಯಾಪ್‌ಟಾಪಲ್ಲಿ ತೆರೆದು ಓದ್ತಾ ಇರುವಾಗ ಅಮ್ಮ ಹಿಂದೆ ನಿಂತಿದ್ರು, ಕೆಂಪು ಬಣ್ಣ ನೋಡಿದ್ರು, ಇದು ನನ್ನಿಂದ ನಿಂಗೆ ಬಂದದ್ದಾ ಮಗಾ ಅಂತ ಕೇಳಿದ್ರು. ಆಮೇಲೆ ತುಂಬಾ ದಿನ ಅದೇ ಕೊರಗು. ಊಟ ಮಾಡುವಾಗ ನನ್ನ ಬೆರಳನ್ನೇ ನೋಡ್ತಾರೆ, ನಂಗೆ ಗಂಟು ಊದಿದೆಯಾ ಅಂತ.

ಹಾಗಾಗಿ ನಾನು ಕೂತು ಈ ವಿಷ್ಯ ಓದಿದೆ. ಏನು ಸಿಕ್ಕಿತು ಅಂತ ಹೇಳ್ತೇನೆ, ಇದು ಗೊತ್ತಿಲ್ಲದೆ ಯಾರೂ ಆ ಕೆಂಪು ಬಾರ್ ನೋಡ್ಬಾರ್ದು.

ನಮ್ಮ ಡಿಎನ್‌ಎಯಲ್ಲಿ ವ್ಯತ್ಯಾಸ ಬರುವ ದಾರಿ ಎರಡು. ಒಂದು ಹುಟ್ಟುವಾಗಲೇ ಅಪ್ಪ ಅಮ್ಮನಿಂದ ಬಂದದ್ದು, ಅದು ಮೈಯ ಪ್ರತಿ ಕಣದಲ್ಲೂ (ಸೆಲ್) ಇರ್ತದೆ, ಎಂಜಲು ತೆಗೆದ್ರೂ ರಕ್ತ ತೆಗೆದ್ರೂ ಕೂದಲ ಬುಡ ತೆಗೆದ್ರೂ ಅದೇ ಸಿಗ್ತದೆ. ಇನ್ನೊಂದು ಹುಟ್ಟಿದ ಮೇಲೆ ಬದುಕಿನ ಉದ್ದಕ್ಕೂ ಆಗುವಂಥದ್ದು, ಒಂದು ಕಣ ಒಡೆದು ಎರಡಾಗುವಾಗ ಡಿಎನ್‌ಎ ಕಾಪಿ ಮಾಡುವುದ್ರಲ್ಲಿ ಸಣ್ಣ ತಪ್ಪು ಆಗ್ತದೆ, ಆ ತಪ್ಪು ಆ ಕಣಕ್ಕೂ ಅದರಿಂದ ಹುಟ್ಟಿದ ಕಣಗಳಿಗೂ ಮಾತ್ರ. ಅಂಗಳದಲ್ಲಿ ಕೆಂಪು ದಾಸವಾಳದ ಗಿಡದ ಒಂದೇ ಒಂದು ಗೆಲ್ಲಲ್ಲಿ ಬೇರೆ ಬಣ್ಣದ ಹೂ ಬಿಡುವುದನ್ನು ನೋಡಿದವರು ಇರ್ಬಹುದು, ಅಂಥದ್ದಕ್ಕೆ ಹೆಚ್ಚಾಗಿ ಇದೇ ಕಾರಣ, ಆ ಗೆಲ್ಲಿನ ಕಣದಲ್ಲಿ ಆದ ಬದಲಾವಣೆ, ಬೇರೆ ಗೆಲ್ಲಿನ ಎಲೆ ಕಿತ್ತು ಪರೀಕ್ಷೆ ಮಾಡಿದ್ರೆ ಏನೂ ಗೊತ್ತಾಗ್ಲಿಕ್ಕಿಲ್ಲ. ಈ ಎರಡನೆಯದಕ್ಕೆ ಸೊಮ್ಯಾಟಿಕ್ ಮ್ಯುಟೇಶನ್ ಅಂತ ಹೆಸರು. ಮಕ್ಕಳಿಗೆ ಅದು ಹೋಗುವುದಿಲ್ಲ.

ಕ್ಯಾನ್ಸರಲ್ಲಿ ಇದು ಇರುವುದು ಮೊದ್ಲಿಂದ ಗೊತ್ತಿದ್ದ ವಿಷ್ಯ. ರುಮಟಾಯ್ಡಲ್ಲೂ ಇರ್ಬಹುದಾ ಅಂತ ಹುಡುಕಿದ್ದು ಫಿನ್ಲೆಂಡಿನ ಹೆಲ್ಸಿಂಕಿ ಯೂನಿವರ್ಸಿಟಿಯ ಸಾತು ಮುಸ್ತ್ಯೋಕಿ ಅವರ ತಂಡ, 2017ರಲ್ಲಿ ನೇಚರ್ ಕಮ್ಯುನಿಕೇಶನ್ಸ್ ಪತ್ರಿಕೆಯಲ್ಲಿ ಬಂತು. ಹೊಸತಾಗಿ ರುಮಟಾಯ್ಡ್ ಅಂತ ಗೊತ್ತಾದ 25 ರೋಗಿಗಳ ರಕ್ತದಿಂದ ಟಿ ಕಣಗಳನ್ನು, ಅಂದ್ರೆ ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳನ್ನು, ಬೇರೆ ಮಾಡಿ ನೋಡಿದ್ರು. ಟಿ ಕಣಗಳಲ್ಲಿ ಸಿಡಿ4, ಸಿಡಿ8 ಅಂತ ಎರಡು ಮುಖ್ಯ ಜಾತಿ, ಸಿಡಿ8 ಅಂದ್ರೆ ವೈರಸ್ ಹೊಕ್ಕ ಕಣಗಳನ್ನು ಕೊಲ್ಲುವಂಥದ್ದು. 25ರಲ್ಲಿ 5 ಜನರ ಸಿಡಿ8 ಕಣಗಳಲ್ಲಿ ಇಂಥ ಮ್ಯುಟೇಶನ್ ಸಿಕ್ಕಿತು, ಅಂದ್ರೆ 20%. ಅವರದ್ದೇ ಸಿಡಿ4 ಕಣಗಳಲ್ಲಿ ಇಲ್ಲ. ಆರೋಗ್ಯವಾಗಿರುವ 20 ಜನರ ಸಿಡಿ8 ಕಣ ನೋಡಿದಾಗ ಸಿಕ್ಕಿದ್ದು ಒಂದೇ ಒಂದು. ಮ್ಯುಟೇಶನ್ ಇದ್ದದ್ದು ಎಲ್ಲಾ ಸಿಡಿ8 ಕಣಗಳಲ್ಲೂ ಅಲ್ಲ, ಒಂದೇ ಕಣದಿಂದ ಹುಟ್ಟಿ ಗುಂಪುಗುಂಪಾಗಿ ಹೆಚ್ಚಿದ ಕ್ಲೋನ್ ಅಂತ ಹೇಳ್ತಾರಲ್ಲ, ಅದರಲ್ಲಿ ಮಾತ್ರ. ಸ್ವಲ್ಪ ಕಾಲ ಬಿಟ್ಟು ಪುನಃ ನೋಡಿದಾಗಲೂ ಅದು ಹಾಗೇ ಉಳ್ಕೊಂಡಿತ್ತು. ಬದಲಾವಣೆ ಆದ ಜೀನ್‌ಗಳಲ್ಲಿ ಎಸ್‌ಎಲ್‌ಎಎಂಎಫ್6, ಐಆರ್‌ಎಫ್1 ಅಂತ ಎರಡು ಮೊದ್ಲೇ ಆಟೋಇಮ್ಯೂನ್, ಅಂದ್ರೆ ಇಮ್ಯೂನಿಟಿ ಸ್ವಂತ ಮೈಗೇ ತಿರುಗುವ ಕಾಯಿಲೆಯ ಲೆಕ್ಕದಲ್ಲಿ ಇದ್ದವು, ಉಳಿದವು ಕೆಲವು ರುಮಟಾಯ್ಡ್ ಜೊತೆ ಯಾರೂ ಸೇರಿಸಿ ಹೇಳದೇ ಇದ್ದಂಥವು.

ಇಲ್ಲಿ ನಿಂತು ನೋಡ್ಬೇಕು. ಇದು 25 ಜನರ ಅಧ್ಯಯನ, ಮ್ಯುಟೇಶನ್ನಿಂದಲೇ ಕಾಯಿಲೆ ಬಂತು ಅಂತ ಅವರು ಎಲ್ಲೂ ಹೇಳಿಲ್ಲ. ಉರಿಯೂತ ಇದ್ದಲ್ಲಿ ಟಿ ಕಣ ಪುನಃ ಪುನಃ ಒಡೀತದೆ, ಒಡೆದಷ್ಟು ಕಾಪಿ ತಪ್ಪು ಜಾಸ್ತಿ, ಹಾಗಾಗಿ ಕಾಯಿಲೆಯಿಂದ ಮ್ಯುಟೇಶನ್ ಬಂದಿರ್ಬಹುದು. ಅಥ್ವಾ ಮ್ಯುಟೇಶನ್ ಆದ ಕ್ಲೋನ್ ಹಟ ಹಿಡಿದು ಉಳಿದು ಉರಿಯೂತವನ್ನು ಎಳ್ಕೊಂಡು ಹೋಗ್ತಾ ಇರ್ಬಹುದು. ಎರಡೂ ಇರ್ಬಹುದು. ಸಂಶೋಧಕರಿಗೆ ಇದು ಎಷ್ಟು ದೊಡ್ಡ ದಾರಿ ಅಂತ ಓದುವಾಗಲೇ ಗೊತ್ತಾಗ್ತದೆ, ನಂಗಂತೂ ಓದಿ ರಾತ್ರಿ ನಿದ್ದೆ ಬರ್ಲಿಲ್ಲ, ಅಮ್ಮನ ಬೆರಳಿನ ನೋವಿಗೆ ಇಷ್ಟು ಒಳಗೆ ಹೋಗಿ ಹುಡುಕುವವರು ಇದ್ದಾರಲ್ಲ ಅಂತ ಧೈರ್ಯ ಬಂತು.

ಇದಕ್ಕೆ ಹತ್ತಿರದ ಇನ್ನೊಂದು ಕಥೆ ಉಂಟು. ಎಲ್‌ಜಿಎಲ್ ಲ್ಯುಕೀಮಿಯಾ ಅಂತ ನಿಧಾನವಾಗಿ ಬೆಳೆಯುವ ಒಂದು ಅಪರೂಪದ ರಕ್ತದ ಕಾಯಿಲೆ, ಅದು ಇರುವವರಲ್ಲಿ ಸುಮಾರು ಜನರಿಗೆ ರುಮಟಾಯ್ಡ್ ಕೂಡ ಇರ್ತದೆ. 2012ರಲ್ಲಿ ಅದೇ ಹೆಲ್ಸಿಂಕಿ ಕಡೆಯವರು ಈ ಲ್ಯುಕೀಮಿಯಾದ 77 ರೋಗಿಗಳನ್ನು ನೋಡಿದಾಗ 31 ಜನರಲ್ಲಿ ಸ್ಟ್ಯಾಟ್3 ಅನ್ನುವ ಜೀನಲ್ಲಿ ಸೊಮ್ಯಾಟಿಕ್ ಮ್ಯುಟೇಶನ್ ಸಿಕ್ಕಿತು. ಫೆಲ್ಟಿ ಸಿಂಡ್ರೋಮ್ ಅಂತ, ರುಮಟಾಯ್ಡ್ ಜೊತೆ ಬಿಳಿ ರಕ್ತಕಣ ಕಡಿಮೆಯಾಗಿ ಗುಲ್ಮ ದೊಡ್ಡದಾಗುವಂಥದ್ದು, ಅದರಲ್ಲೂ ಆಮೇಲೆ 14ರಲ್ಲಿ 6 ಜನರಿಗೆ ಅದೇ ಸ್ಟ್ಯಾಟ್3 ಸಿಕ್ಕಿತು. ಈ ಸ್ಟ್ಯಾಟ್3 ಕೆಲಸ ಮಾಡುವುದು ಜ್ಯಾಕ್ ಅನ್ನುವ ಕಿಣ್ವದ ಕೆಳಗೆ, ಈಗ ರುಮಟಾಯ್ಡಿಗೆ ಕೊಡುವ ಟೊಫಾಸಿಟಿನಿಬ್ ಮಾತ್ರೆ ತಡೆಯುವುದು ಆ ಜ್ಯಾಕನ್ನೇ. ಹಾಗಂತ ಸ್ಟ್ಯಾಟ್3 ಮ್ಯುಟೇಶನ್ ಇದ್ದವರಿಗೆಲ್ಲ ಆ ಮಾತ್ರೆ ಅಂತ ಅಲ್ಲ, ದಯಮಾಡಿ ಹಾಗೆ ತಿಳ್ಕೊಳ್ಬೇಡಿ.

ಈಗ ಕಿಟ್ಟಿನ ವಿಷ್ಯಕ್ಕೆ ಬರುವ. ಟಿ ಕಣದ ಈ ಮ್ಯುಟೇಶನ್ ಹಿಡೀಬೇಕಾದ್ರೆ ರಕ್ತ ತೆಗೀಬೇಕು, ಅದರಿಂದ ಸಿಡಿ8 ಕಣ ಬೇರೆ ಮಾಡ್ಬೇಕು, ಒಂದೊಂದು ಜಾಗವನ್ನು ನೂರಾರು ಸರ್ತಿ ಓದುವ ಡೀಪ್ ಸೀಕ್ವೆನ್ಸಿಂಗ್ ಮಾಡ್ಬೇಕು, ಯಾಕಂದ್ರೆ ಬದಲಾದದ್ದು ಕಣಗಳ ಒಂದು ಸಣ್ಣ ಪಾಲು ಮಾತ್ರ. ಎಂಜಲಿನ ಕಿಟ್ ಮಾಡುವುದು ಹಾಗಲ್ಲ. ಮೊದ್ಲೇ ನಿಗದಿ ಮಾಡಿಟ್ಟ ಜಾಗಗಳಲ್ಲಿ ಡಿಎನ್‌ಎಯ ಯಾವ ಅಕ್ಷರ ಉಂಟು ಅಂತ ಒಂದು ಚಿಪ್ಪಲ್ಲಿ ನೋಡ್ತದೆ ಅಷ್ಟೆ, ಅದು ಹುಟ್ಟಿನಿಂದ ಬಂದದ್ದರ ಲೆಕ್ಕ. ಇಮ್ಯೂನ್ ಸೆಲ್ ಮ್ಯುಟೇಶನ್ ಅಂತ ಬೋರ್ಡ್ ಹಾಕಿ ಇದನ್ನು ಮಾರುವುದು ತಪ್ಪು, ಅದನ್ನು ನಾನು ಎಲ್ಲಿ ಬೇಕಾದ್ರೂ ಹೇಳ್ತೇನೆ.

ಹುಟ್ಟಿನಿಂದ ಬಂದದ್ದರ ಲೆಕ್ಕವಾದ್ರೂ ಎಷ್ಟು ಉಪಯೋಗ? 2014ರಲ್ಲಿ ಒಂದು ಲಕ್ಷಕ್ಕಿಂತ ಜಾಸ್ತಿ ಜನರ ಡಿಎನ್‌ಎ ಒಟ್ಟು ಹಾಕಿ ನೋಡಿದ ಅಧ್ಯಯನದಲ್ಲಿ ರುಮಟಾಯ್ಡಿಗೆ ಸಂಬಂಧಪಟ್ಟ 101 ಜಾಗ ಸಿಕ್ಕಿದ್ದು. ಅದರಲ್ಲಿ ಎಲ್ಲಕ್ಕಿಂತ ಜೋರು ಇಮ್ಯೂನಿಟಿಗೆ ಸಂಬಂಧಪಟ್ಟ ಜೀನ್ ಎಚ್‌ಎಲ್‌ಎ ಡಿಆರ್‌ಬಿ1, ಉಳಿದ ಹೆಚ್ಚಿನದ್ದೆಲ್ಲ ಒಂದೊಂದೂ ತೀರಾ ಸಣ್ಣದು. ನನ್ನ ರಿಪೋರ್ಟಲ್ಲಿ ಕೆಂಪು ಬಂದದ್ದು ಆ ಎಚ್‌ಎಲ್‌ಎಯ ಒಂದು ಗುರುತಿನಿಂದ. ಪಿಟಿಪಿಎನ್22 ಅನ್ನುವ ಜೀನ್ ಹತ್ರ ಹಸಿರು ಹಾಕಿ ಇಲ್ಲಿ ನೀವು ಸುರಕ್ಷಿತ ಅಂತ ಬರೆದಿದ್ದಾರೆ, ಆ ವ್ಯತ್ಯಾಸ ಯುರೋಪಿನವರಲ್ಲಿ ಸಾಮಾನ್ಯ, ನಮ್ಮ ಏಷ್ಯಾದವರಲ್ಲಿ ತೀರಾ ಅಪರೂಪ, ನಮ್ಮಲ್ಲಿ ಹೆಚ್ಚುಕಮ್ಮಿ ಎಲ್ಲರಿಗೂ ಅಲ್ಲಿ ಹಸಿರೇ ಬರುವುದು. ಅದರಿಂದ ಸಮಾಧಾನ ಪಡ್ಲಿಕ್ಕೆ ಏನೂ ಇಲ್ಲ. ರಿಸ್ಕ್ ಲೆಕ್ಕ ಹಾಕ್ಲಿಕ್ಕೆ ಬಳಸಿದ್ದು ಯುರೋಪಿಯನ್ ಜನರ ಅಂಕಿ ಅಂಶ ಅಂತ ಕೊನೆಯ ಪುಟದಲ್ಲಿ ಅವರೇ ಬರೆದಿದ್ದಾರೆ, ಅದು ಮೊದಲನೇ ಪುಟದಲ್ಲಿ ಇರ್ಬೇಕಿತ್ತು.

ಅಮ್ಮನಿಗೆ ನಾನು ಕೂತು ಹೇಳಿದ್ದು ಅವಳಿಗಳ ಲೆಕ್ಕ. ಒಂದೇ ಡಿಎನ್‌ಎ ಇರುವ ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ರುಮಟಾಯ್ಡ್ ಇದ್ರೆ ಇನ್ನೊಬ್ಬರಿಗೂ ಇರುವುದು ನೂರಕ್ಕೆ ಸುಮಾರು 15 ಜೋಡಿಗಳಲ್ಲಿ ಮಾತ್ರ, ಬ್ರಿಟನ್ನಿನ ಅಧ್ಯಯನದಲ್ಲಿ ಕಂಡದ್ದು. ಅಷ್ಟೂ ಜೀನ್ ಒಂದೇ ಇದ್ರೂ 85 ಜೋಡಿಯಲ್ಲಿ ಇನ್ನೊಬ್ಬರಿಗೆ ಬರ್ಲೇ ಇಲ್ಲ. ದೆಹಲಿ ಹತ್ತಿರದ ಹಳ್ಳಿಗಳಲ್ಲಿ ಮಾಡಿ 1993ರಲ್ಲಿ ಪ್ರಕಟವಾದ ಸಮೀಕ್ಷೆ ಪ್ರಕಾರ ದೊಡ್ಡವರಲ್ಲಿ ಈ ಕಾಯಿಲೆ ಇರುವುದು 0.75%, ತಾಯಿಗೆ ಇದ್ರೆ ಮಕ್ಕಳಿಗೆ ಅಪಾಯ ಸುಮಾರು ಮೂರು ಪಟ್ಟು ಅಂತ ಇಟ್ಕೊಂಡ್ರೂ ನೂರಕ್ಕೆ ಎರಡು, ಎರಡೂವರೆ. ಹೆಂಗಸರಿಗೆ ಸ್ವಲ್ಪ ಜಾಸ್ತಿ ಅಂತ ಹಿಡಿದ್ರೂ ನೂರರಲ್ಲಿ ತೊಂಬತ್ತೈದಕ್ಕಿಂತ ಹೆಚ್ಚು ಮಕ್ಕಳಿಗೆ ಬರುವುದಿಲ್ಲ. ಅಮ್ಮ ಎರಡು ಸರ್ತಿ ಕೇಳಿ ಖಾತ್ರಿ ಮಾಡ್ಕೊಂಡ್ರು. ಈ ಒಂದು ವಾಕ್ಯ ಆ ಕೆಂಪು ಬಾರ್ ಪಕ್ಕದಲ್ಲಿ ಬರೀಲಿಕ್ಕೆ ಅವರಿಗೆ ಎಂತ ಕಷ್ಟ ಇತ್ತು? ಹೆಚ್ಚಿನ ಅಪಾಯ ಅಂದ್ರೆ ಎಷ್ಟರಿಂದ ಎಷ್ಟಕ್ಕೆ ಅಂತ ಹೇಳದೆ ಬಣ್ಣ ಮಾತ್ರ ತೋರಿಸಿದ್ರೆ ಮನೆಯವರು ಹೆದರದೆ ಇರ್ತಾರಾ?

ಒಳ್ಳೇದನ್ನೂ ಹೇಳ್ಬೇಕು. ರಿಪೋರ್ಟ್ ಜೊತೆ ಒಂದು ಫ್ರೀ ಕೌನ್ಸೆಲಿಂಗ್ ಕಾಲ್ ಉಂಟು, ಅದರಲ್ಲಿ ಸಿಕ್ಕಿದ ಹುಡುಗಿ ತುಂಬಾ ಒಳ್ಳೆಯವಳು. ನಾನು ನೇರವಾಗಿ ಕೇಳಿದೆ, ಟಿ ಕಣದ ಸೊಮ್ಯಾಟಿಕ್ ಮ್ಯುಟೇಶನ್ ಇದರಲ್ಲಿ ಗೊತ್ತಾಗ್ತದಾ ಅಂತ. ಇಲ್ಲ ಮ್ಯಾಮ್, ಈ ಟೆಸ್ಟ್ ಅದನ್ನು ನೋಡುವುದಿಲ್ಲ ಅಂತ ಸುತ್ತುಬಳಸದೆ ಹೇಳಿದ್ಲು. ಗಂಟು ಊತ ಬಂದ್ರೆ ಈ ರಿಪೋರ್ಟ್ ಹಿಡ್ಕೊಂಡು ಕೂರ್ಬೇಡಿ, ಡಾಕ್ಟ್ರನ್ನು ನೋಡಿ ಅಂತಲೂ ಹೇಳಿದ್ಲು. ನಾನು ಕೊಟ್ಟ ಎರಡು ಸ್ಟಾರಲ್ಲಿ ಒಂದು ಪೂರ್ತಿ ಅವಳಿಗೆ. ಅದೇ ಕಂಪೆನಿಯ ಸೇಲ್ಸಿನವರು ಮಾತ್ರ ಆಮೇಲೆ ಇಮ್ಯೂನಿಟಿ ಕ್ಯಾಪ್ಸೂಲ್ ತಗೊಳ್ಳಿ ಅಂತ ಬಿಡದೆ ಫೋನ್ ಮಾಡಿದ್ರು. ಇಮ್ಯೂನಿಟಿಯೇ ತನ್ನ ಗಂಟನ್ನು ತಾನು ಕಡಿಯುವ ಕಾಯಿಲೆ ಇದು, ಅದಕ್ಕೆ ಇಮ್ಯೂನಿಟಿ ಬೂಸ್ಟರ್ ಮಾರುವುದು ನಂಗೆ ಸಹಿಸ್ಲಿಕ್ಕೇ ಆಗುವುದಿಲ್ಲ.

ಮಂಗಳೂರಿನ ಡಾಕ್ಟ್ರು ರಿಪೋರ್ಟ್ ತಿರುಗಿಸಿ ನೋಡಿ, ಇದರಿಂದ ಅಮ್ಮನ ಮದ್ದಲ್ಲಿ ಏನೂ ಬದಲಾಯಿಸ್ಲಿಕ್ಕಿಲ್ಲ, ನಿಮಗೂ ಇದರಿಂದ ಮಾಡುವಂಥದ್ದು ಏನಿಲ್ಲ ಅಂದ್ರು. ಮನೆಯಲ್ಲಿ ಬೀಡಿ ಸಿಗರೇಟ್ ಉಂಟಾ ಅಂತ ಕೇಳಿದ್ರು, ಎಚ್‌ಎಲ್‌ಎಯ ಆ ಗುರುತು ಇದ್ದು ಧೂಮಪಾನವೂ ಸೇರಿದ್ರೆ ಆ್ಯಂಟಿ ಸಿಸಿಪಿ ಇರುವ ರುಮಟಾಯ್ಡಿನ ಅಪಾಯ ತುಂಬಾ ಜಾಸ್ತಿ ಆಗ್ತದಂತೆ. ನಮ್ಮ ಕೈಯಲ್ಲಿ ಇರುವುದು ಅದೊಂದು. ಮತ್ತೆ ಹಲ್ಲು ವಸಡು ಚೆನ್ನಾಗಿ ಇಟ್ಕೊಳ್ಳಿ ಅಂದ್ರು.

ಹಾಗಾದ್ರೆ ಯಾರು ತಗೊಳ್ಬಹುದು? ಸುಮ್ನೆ ಕುತೂಹಲಕ್ಕೆ, ದುಡ್ಡು ಹೋದ್ರೂ ಪರ್ವಾಗಿಲ್ಲ ಅನ್ನುವವರು ತಗೊಳ್ಳಿ. ಗಂಟುನೋವು ಈಗಾಗ್ಲೇ ಶುರು ಆದವರು ಬೇಡವೇ ಬೇಡ. ಆ ದುಡ್ಡಲ್ಲಿ ಆ್ಯಂಟಿ ಸಿಸಿಪಿ, ಆರ್‌ಎ ಫ್ಯಾಕ್ಟರ್, ಉರಿಯೂತ ಎಷ್ಟು ಅಂತ ನೋಡುವ ಇಎಸ್‌ಆರ್, ಸಿಆರ್‌ಪಿ ಮಾಡಿಸಿ, ರುಮಟಾಲಜಿಸ್ಟನ್ನು ಕಂಡು, ಬಸ್ಸಿನ ಖರ್ಚೂ ಬಹುಶಃ ಆಗ್ತದೆ. ಬೆಳಿಗ್ಗೆ ಗಂಟೆಗಟ್ಲೆ ಬಿಗಿತ, ಎರಡೂ ಕೈಯ ಸಣ್ಣ ಗಂಟುಗಳಲ್ಲಿ ಊತ, ಆರು ವಾರ ಆದ್ರೂ ಇಳೀಲಿಲ್ಲ ಅಂದ್ರೆ ಯಾರ ಮಾತಿಗೂ ಕಾಯ್ಬೇಡಿ, ಎಲುಬು ಸವೆದ ಮೇಲೆ ಮದ್ದು ಶುರು ಮಾಡಿದ್ರೆ ಹೋದ ಆಕಾರ ವಾಪಸ್ ಬರುವುದಿಲ್ಲ. ಅಮ್ಮನಿಗೆ ಮೆಥೊಟ್ರೆಕ್ಸೇಟ್ ಕೊಡ್ತಾ ಇದ್ದಾರೆ, ಹಳೇ ಮದ್ದು, ಕ್ರಯವೂ ಜಾಸ್ತಿ ಇಲ್ಲ. ಅದು ವಾರಕ್ಕೆ ಒಂದೇ ದಿನ ತಗೊಳ್ಳುವ ಮದ್ದು, ದಿನಾ ತಗೊಂಡ್ರೆ ಜೀವಕ್ಕೇ ಅಪಾಯ, ಹಾಗಾಗಿ ಅಮ್ಮನ ಕ್ಯಾಲೆಂಡರಲ್ಲಿ ಆದಿತ್ಯವಾರಕ್ಕೆ ಮಾತ್ರ ಸುತ್ತು ಹಾಕಿ ಇಟ್ಟಿದ್ದೇನೆ, ಫೋಲಿಕ್ ಆ್ಯಸಿಡ್ ಬೇರೆ ದಿನ. ಲಿವರ್ ಟೆಸ್ಟ್, ರಕ್ತದ ಟೆಸ್ಟ್ ಹೇಳಿದ ಸಮಯಕ್ಕೆ ಮಾಡಿಸ್ತೇವೆ. ಬಸುರಿ ಆಗುವ ಯೋಚನೆ ಇರುವವರು ಮೊದ್ಲೇ ಡಾಕ್ಟ್ರಿಗೆ ಹೇಳ್ಬೇಕು, ಈ ಮದ್ದು ಆಗ ಕೂಡದು. ಅಮ್ಮ ಈಗ ಪುನಃ ಅಡಿಕೆ ಸುಲೀತಾರೆ, ಮೊದ್ಲಿನಷ್ಟು ಅಲ್ಲ, ಸ್ವಲ್ಪ ಸ್ವಲ್ಪ, ಬೇಡ ಅಂದ್ರೂ ಕೇಳುವುದಿಲ್ಲ.

ಕಿಟ್ ತಗೊಂಡೇ ಬಿಟ್ಟಿದ್ದೀರಿ ಅಂದ್ರೆ ಒಂದು ಕೆಲಸ ಮಾಡಿ. ರಿಜಿಸ್ಟರ್ ಮಾಡುವಾಗ ನಿಮ್ಮ ಡಿಎನ್‌ಎ ಡೇಟಾ ಸಂಶೋಧನೆಗೆ ಬಳಸ್ಬಹುದಾ ಅಂತ ಒಂದು ಟಿಕ್ ಇರ್ತದೆ, ನಮಗೆ ಬಂದದ್ದರಲ್ಲಿ ಅದು ಮೊದ್ಲೇ ಹಾಕಿ ಇಟ್ಟಿತ್ತು. ಒಪ್ಪಿಗೆ ಇದ್ರೆ ಇರ್ಲಿ, ಒಳ್ಳೆ ಸಂಶೋಧನೆಗೆ ಕೊಡುವುದು ಪುಣ್ಯದ ಕೆಲಸವೇ, ಆದ್ರೆ ಓದಿ ಕೊಡಿ. ಉಳಿದ ಎಂಜಲಿನ ಸ್ಯಾಂಪಲ್ ಎಷ್ಟು ಸಮಯ ಇಡ್ತಾರೆ ಅಂತ ಕೇಳಿ, ಬೇಡ ಅಂದ್ರೆ ನಾಶ ಮಾಡಿ ಅಂತ ಈಮೇಲಲ್ಲೇ ಬರೀರಿ, ಫೋನಲ್ಲಿ ಹೇಳಿದ್ರೆ ದಾಖಲೆ ಇರುವುದಿಲ್ಲ. ನಾನು ಬರೆದು ಕೇಳಿದ್ದಕ್ಕೆ ಸ್ಯಾಂಪಲ್ ನಾಶ ಮಾಡಿದ್ದೇವೆ ಅಂತ ಉತ್ತರ ಬಂತು. ಜಾಹೀರಾತಿನ ಆ ಇಮ್ಯೂನ್ ಸೆಲ್ ಸಾಲು ತೆಗೀರಿ ಅಂತಲೂ ಅದೇ ಈಮೇಲಲ್ಲಿ ಬರೆದಿದ್ದೆ, ಅದಕ್ಕೆ ಉತ್ತರ ಇಲ್ಲ, ಸಾಲು ಇನ್ನೂ ಅಲ್ಲೇ ಉಂಟು. ತೆಗೆದ ದಿನ ನಾನು ಇಲ್ಲಿ ಒಂದು ಸ್ಟಾರ್ ಜಾಸ್ತಿ ಮಾಡ್ತೇನೆ.